ರಸ್ತೆಯಲ್ಲೇ ಓಡುವ ರೈಲು

ಮಕ್ಕಳೇ, ಮುಂಬಯಿಯಲ್ಲಿ 'ದಾದರ್ ಟಿ.ಟಿ.' ಎಂಬ ಜಾಗವಿದೆ. ಟಿ.ಟಿ. ಎಂದರೆ ಟ್ರಾಮ್ ಟರ್ಮಿನಸ್, ಅಂದರೆ ಟ್ರಾಮ್‌ಗಳ ಕೊನೆಯ ನಿಲ್ದಾಣ. ಅಲ್ಲಿ ಈಗ ಎಷ್ಟು ಹುಡುಕಿದರೂ ಒಂದು ಟ್ರಾಮೂ ಸಿಗದು. 1964ರ ಮಾರ್ಚ್ 31ರಂದು ಬೋರಿಬಂದರಿನಿಂದ ದಾದರ್‌ಗೆ ಬಂದದ್ದೇ ಕೊನೆಯ ಟ್ರಾಮ್. ಹೆಸರು ಮಾತ್ರ ಉಳಿಯಿತು.

ಟ್ರಾಮ್ ಎಂದರೆ ಊರಿನ ರಸ್ತೆಯಲ್ಲೇ ಹಳಿಯ ಮೇಲೆ ಓಡುವ ಪುಟ್ಟ ರೈಲು. ಹಳಿಯನ್ನು ರಸ್ತೆಯ ಮಟ್ಟಕ್ಕೇ ಹೂತಿರುತ್ತಾರೆ. ಎತ್ತಿನ ಗಾಡಿ, ಸೈಕಲ್ಲು ಅದನ್ನು ದಾಟಿ ಹೋಗಬಹುದು. ತಲೆಯ ಮೇಲೆ ಬುಟ್ಟಿ ಹೊತ್ತವರು, ಕಚೇರಿಗೆ ಓಡುವವರು, ಕೈಗಾಡಿ ತಳ್ಳುವವರು ಎಲ್ಲರ ನಡುವೆ ಚಾಲಕ ಗಂಟೆ ಬಾರಿಸುತ್ತಾ ದಾರಿ ಮಾಡಿಕೊಳ್ಳಬೇಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಎಷ್ಟೋ ಕನ್ನಡ ಹುಡುಗರು ಮುಂಬಯಿಯ ಈ ಬೀದಿಗಳಲ್ಲೇ ಬೆಳೆದರು.

1874ರಲ್ಲಿ ಮುಂಬಯಿಯಲ್ಲಿ ಟ್ರಾಮ್ ಶುರುವಾದಾಗ ಅದನ್ನು ಎಳೆಯುತ್ತಿದ್ದುದು ಕುದುರೆಗಳು! ಜನ ತುಂಬಿದ ಬಂಡಿಯನ್ನು ಒಂದೆರಡು ಕುದುರೆ ಎಳೆಯುವುದು ಹೇಗೆ ಸಾಧ್ಯ? ಒಂದು ಗೋಲಿಯನ್ನು ಮರಳಿನ ಮೇಲೆ ಉರುಳಿಸಿ, ಆಮೇಲೆ ಸ್ಲೇಟಿನ ಮೇಲೆ ಉರುಳಿಸಿ. ಮರಳು ತಗ್ಗಾಗಿ ಗೋಲಿಯನ್ನು ತಡೆಯುತ್ತದೆ, ಸ್ಲೇಟು ತಗ್ಗಾಗುವುದಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರವೂ ಹಾಗೆಯೇ, ಸ್ವಲ್ಪ ಬಲಕ್ಕೇ ಉರುಳುತ್ತದೆ. ಆದರೆ ಬ್ರೇಕ್ ಹಾಕಿದರೆ ಬೇಗ ನಿಲ್ಲುವುದಿಲ್ಲ, ಜಾರುತ್ತದೆ. ಅದಕ್ಕೇ ಟ್ರಾಮ್‌ಗಳಲ್ಲಿ ಮರಳಿನ ಪೆಟ್ಟಿಗೆ ಇಡುತ್ತಿದ್ದರು. ಮಳೆ ಬಂದಾಗ ಚಕ್ರದ ಮುಂದೆ ಮರಳು ಸುರಿದರೆ ಹಿಡಿತ ಸಿಗುತ್ತಿತ್ತು.

1907ರಲ್ಲಿ ಮುಂಬಯಿಗೆ ವಿದ್ಯುತ್ ಟ್ರಾಮ್ ಬಂತು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು 1905ರಲ್ಲೇ ಉರಿದಿದ್ದವು, ಆದರೂ ನಮ್ಮಲ್ಲಿ ವಿದ್ಯುತ್ ಟ್ರಾಮ್ ಓಡಲಿಲ್ಲ. ಅದಿರಲಿ. ಟ್ರಾಮ್‌ನ ಮೇಲೆ ಒಂದೇ ತಂತಿ ಇರುತ್ತಿತ್ತು. ಟಾರ್ಚಿನ ಬಲ್ಬು ಉರಿಯಲು ಎರಡು ದಾರಿ ಬೇಕೆಂದು ನಿಮಗೆ ಗೊತ್ತು, ಹೋಗಲು ಒಂದು, ಮರಳಲು ಒಂದು. ಹಾಗಾದರೆ ಇನ್ನೊಂದು ದಾರಿ ಎಲ್ಲಿ? ಕಾಲ ಕೆಳಗಿನ ಹಳಿಯೇ! ವಿದ್ಯುತ್ತು ತಂತಿಯಿಂದ ಚಾವಣಿಯ ಮೇಲಿನ ಕೋಲಿನ ಮೂಲಕ ಇಳಿದು, ಮೋಟಾರು ತಿರುಗಿಸಿ, ಚಕ್ರದ ಮೂಲಕ ಹಳಿಗೆ ಸೇರಿ ವಿದ್ಯುದಾಗಾರಕ್ಕೆ ಮರಳುತ್ತಿತ್ತು. ಹಳಿ ಮತ್ತು ನೆಲದ ನಡುವೆ ವೋಲ್ಟೇಜಿನ ವ್ಯತ್ಯಾಸ ಬಹಳ ಕಡಿಮೆ. ಆದ್ದರಿಂದ ಹಳಿ ತುಳಿದವರಿಗೆ ಶಾಕ್ ಹೊಡೆಯುತ್ತಿರಲಿಲ್ಲ.

ಟ್ರಾಮ್ ತನ್ನ ಇಂಧನವನ್ನು ತಾನು ಹೊತ್ತೊಯ್ಯುವುದಿಲ್ಲ. ಹೊಗೆ ಇಲ್ಲ, ಭಾರ ಕಡಿಮೆ. ಆದರೆ ವಿದ್ಯುತ್ ನಿಂತರೆ ಎಲ್ಲ ಟ್ರಾಮ್‌ಗಳೂ ನಿಂತಲ್ಲೇ ನಿಲ್ಲುತ್ತವೆ. ಸೋವಿಯತ್ ದೇಶದ ಲೆನಿನ್‌ಗ್ರಾಡ್ ನಗರವನ್ನು (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) 1941ರಲ್ಲಿ ಜರ್ಮನ್ ಸೇನೆ ಮುತ್ತಿಗೆ ಹಾಕಿತು. ವಿದ್ಯುದಾಗಾರಗಳಿಗೆ ಇಂಧನ ಮುಗಿಯಿತು. ಡಿಸೆಂಬರ್‌ನಲ್ಲಿ ಟ್ರಾಮ್‌ಗಳು ಹಿಮದಲ್ಲಿ ನಿಂತುಬಿಟ್ಟವು. ಹಸಿದ ಜನ ನೀರನ್ನೂ ಜಾರುಬಂಡಿಯಲ್ಲಿ ಎಳೆದು ತರಬೇಕಾಯಿತು. 1942ರ ಏಪ್ರಿಲ್ 15ರಂದು ಪ್ರಯಾಣಿಕರ ಟ್ರಾಮ್ ಮತ್ತೆ ಓಡಿತು. ಗಂಟೆ ಕೇಳಿದರೆ ಸಾಕು, ಊರು ಇನ್ನೂ ಬದುಕಿದೆ ಎಂದು ಜನರಿಗೆ ತಿಳಿಯುತ್ತಿತ್ತು.

ಆ ಟ್ರಾಮ್‌ಗಳು ಓಡಿದ್ದು ನೇರ ವಿದ್ಯುತ್ತಿನಿಂದ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನಿಂದ. ತಿರುಮಣಿ, ವಳ್ಳೂರು, ಕ್ಯಾತಗಾನಚೆರ್ಲು ಕಡೆಯ ಮಕ್ಕಳು ದಿನವೂ ನೋಡುವ ಪಾವಗಡ ಸೋಲಾರ್ ಪಾರ್ಕಿನ ಫಲಕಗಳು ಕೊಡುವುದೂ ನೇರ ವಿದ್ಯುತ್ತನ್ನೇ. ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಇನ್ವರ್ಟರ್ ಎಂಬ ಯಂತ್ರ ಅದನ್ನು ಪರ್ಯಾಯ ವಿದ್ಯುತ್ತಾಗಿ ಬದಲಿಸಿದ ಮೇಲೆಯೇ ಅದು ದೂರದ ಊರುಗಳಿಗೆ ಹೊರಡುವುದು.