ಜ್ವರದೊಳಗೊಂದು ಜ್ವರ

ಮಳೆಗಾಲವು ಕಾಲಿಟ್ಟಿತೆಂದರೆ ನಮ್ಮ ನಗರಗಳಲ್ಲಿ ಕೊಡೆಗಳೊಡನೆ ಜ್ವರವೂ ಹೊರಬರುತ್ತದೆ. ಪಕ್ಕದ ಮನೆಯ ಮಗುವಿಗೆ ಜ್ವರ. ಎದುರುಮನೆಯ ಯಜಮಾನರಿಗೆ ಜ್ವರ. ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳ ಸಾಲು. ಇಂತಹ ದಿನಗಳಲ್ಲಿ ಜ್ವರಕ್ಕೆ ಒಂದು ಹೆಸರು ದೊರೆತರೆ ಮನೆಯವರಿಗೆ ಅರ್ಧ ಧೈರ್ಯ ಬಂದಂತಾಗುವುದು. ರಕ್ತಪರೀಕ್ಷೆಯ ಕಾಗದವನ್ನು ನೋಡಿ ವೈದ್ಯರು “ಡೆಂಗಿ” ಎಂದೊಡನೆ ಅವರ ಮುಖದಲ್ಲಿ ಭಯದ ಜೊತೆಗೆ ಒಂದು ಬಗೆಯ ನೆಮ್ಮದಿಯೂ ತೋರುವುದುಂಟು: ಶತ್ರು ಯಾರೆಂಬುದು ತಿಳಿಯಿತಲ್ಲ! ಆದರೆ ಆ ಶತ್ರು ಒಂಟಿಯಾಗಿ ಬಂದಿರದಿದ್ದರೆ? ಅವನ ಬೆನ್ನ ಹಿಂದೆ ಇನ್ನೊಬ್ಬನು ಅಡಗಿ ನಿಂತಿದ್ದರೆ?

ನಮ್ಮ ಅಲಂಕಾರಶಾಸ್ತ್ರದಲ್ಲಿ ಶ್ಲೇಷವೆಂಬುದೊಂದುಂಟು. ಒಂದೇ ಮಾತು, ಆದರೆ ಅದರೊಳಗೆ ಎರಡು ಅರ್ಥ. ಕಾವ್ಯದಲ್ಲಿ ಎರಡನೆಯ ಅರ್ಥವನ್ನು ಕಾಣದ ಓದುಗನು ಕಳೆದುಕೊಳ್ಳುವುದು ತುಸು ರಸವನ್ನು ಮಾತ್ರ. ಜ್ವರದ ಶ್ಲೇಷವನ್ನು ಬಿಡಿಸದೆ ಹೋದರೆ ಕಳೆದುಕೊಳ್ಳುವುದು ಪ್ರಾಣವನ್ನೇ ಆಗಬಹುದು.

ಇದು ಕೇವಲ ಕಲ್ಪನೆಯಲ್ಲ. ಇದಕ್ಕೆ ನಮ್ಮ ನೆರೆಯಲ್ಲಿಯೇ ಪುರಾವೆಯುಂಟು. ಚಿಕುನ್‌ಗುನ್ಯಾ ಎಂಬ ರೋಗವು ೧೯೫೨-೫೩ರಲ್ಲಿ ಪೂರ್ವ ಆಫ್ರಿಕದ ಟಾಂಗನೀಕದಲ್ಲಿ, ಎಂದರೆ ಇಂದಿನ ಟಾಂಜಾನಿಯದಲ್ಲಿ, ಮೊದಲು ಗುರುತಿಸಲ್ಪಟ್ಟಿತು. ಕೀಲುನೋವಿನಿಂದ ರೋಗಿಯು ಬಾಗಿ ನಡೆಯುವುದನ್ನು ಕಂಡು ಅಲ್ಲಿನ ಮಾಕೊಂಡೆ ಜನರ ಭಾಷೆಯಲ್ಲಿ ಅದಕ್ಕೆ ಆ ಹೆಸರು ಬಂದಿತು. ೧೯೬೩ರಲ್ಲಿ ಅದು ಕಲ್ಕತ್ತೆಯಲ್ಲಿ ಕಾಣಿಸಿಕೊಂಡು, ೧೯೬೪ರಲ್ಲಿ ಮದರಾಸು, ವೆಲ್ಲೂರುಗಳಿಗೆ ಹಬ್ಬಿತು. ಆಗ ವೆಲ್ಲೂರಿನಲ್ಲಿ ಡೆಂಗಿಯೂ ಇದ್ದಿತು. ಅಲ್ಲಿನ ಒಬ್ಬ ರೋಗಿಯ ರಕ್ತವನ್ನು ಪರೀಕ್ಷಿಸಿದಾಗ ಒಂದೇ ಮಾದರಿಯಿಂದ ಚಿಕುನ್‌ಗುನ್ಯಾದ ವೈರಸ್ಸೂ ಡೆಂಗಿಯ ವೈರಸ್ಸೂ ಎರಡೂ ಹೊರಬಂದವು. ಮೈಯರ್ಸ್ ಮತ್ತು ಕೇರಿ ಎಂಬ ಸಂಶೋಧಕರು ೧೯೬೭ರಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಹೊರಗೆ ಕಾಣುತ್ತಿದ್ದುದು ಒಂದು ಜ್ವರ. ಒಳಗೆ ನಡೆಯುತ್ತಿದ್ದುದು ಎರಡು.

ಮುಂದೆ ಮೂರು ದಶಕಗಳ ಕಾಲ ಹೆಚ್ಚು ಸದ್ದಿಲ್ಲದಿದ್ದ ಚಿಕುನ್‌ಗುನ್ಯಾ ೨೦೦೫ರ ಕೊನೆಯಲ್ಲಿ ಮರಳಿ ಬಂದಿತು. ೨೦೦೬ರಲ್ಲಿ ಕರ್ನಾಟಕವೊಂದರಲ್ಲಿಯೇ ಏಳು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಗುರಿಯಾದರೆಂದು ಶಂಕಿಸಲಾಯಿತು. ಅಂದಿನಿಂದ ಡೆಂಗಿ, ಚಿಕುನ್‌ಗುನ್ಯಾಗಳೆರಡೂ ನಮ್ಮ ಊರುಗಳಲ್ಲಿ ಒಕ್ಕಲಾಗಿ ನಿಂತಿವೆ.

ಇವು ಜೊತೆಯಾಗಿ ಬರಲು ಕಾರಣವೇನು? ಎರಡನ್ನೂ ಹೊತ್ತು ತರುವುದು ಈಡಿಸ್ ಎಂಬ ಒಂದೇ ಜಾತಿಯ ಸೊಳ್ಳೆ. ಕಪ್ಪು ಮೈ, ಕಾಲುಗಳ ಮೇಲೆ ಬಿಳಿಯ ಪಟ್ಟೆ, ಕಚ್ಚುವುದು ಹಗಲಿನಲ್ಲಿ. ಒಂದೇ ಸೊಳ್ಳೆಯ ಜೊಲ್ಲಿನಲ್ಲಿ ಎರಡು ವೈರಸ್ಸುಗಳೂ ಇರಬಲ್ಲವೆಂಬುದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಇನ್ನು ಮಲೇರಿಯವನ್ನು ಹರಡುವ ಅನಾಫಿಲಿಸ್ ಸೊಳ್ಳೆಯ ಸರದಿ ರಾತ್ರಿಯದು. ಆದರೆ ಅದರಲ್ಲಿ ನಗರವಾಸಕ್ಕೆ ಒಗ್ಗಿದ ಒಂದು ಪ್ರಭೇದವು ಮಹಡಿಯ ಮೇಲಣ ಟ್ಯಾಂಕಿನಲ್ಲಿಯೂ ಕಟ್ಟುತ್ತಿರುವ ಕಟ್ಟಡಗಳ ನೀರಿನಲ್ಲಿಯೂ ಸುಖವಾಗಿ ಬೆಳೆಯುತ್ತದೆ. ಹೀಗಾಗಿ ಒಂದೇ ಬೀದಿಯಲ್ಲಿ ಹಗಲು ಪಾಳಿ ಒಬ್ಬನದು, ರಾತ್ರಿ ಪಾಳಿ ಇನ್ನೊಬ್ಬನದು.

ಸೊಳ್ಳೆಯ ಸಂಬಂಧವೇ ಇಲ್ಲದ ಜ್ವರಗಳೂ ಇದೇ ಋತುವನ್ನು ಕಾದಿರುತ್ತವೆ. ಇಲಿಯ ಮೂತ್ರದಿಂದ ಕೆಟ್ಟ ನೀರಿನಲ್ಲಿ, ಕೆಸರಿನಲ್ಲಿ ಬರಿಗಾಲಿನಿಂದ ನಡೆದವರಿಗೆ ಇಲಿಜ್ವರ. ಹುಲ್ಲುಪೊದೆಗಳಲ್ಲಿರುವ ನುಸಿಯ ಮರಿ ಕಚ್ಚಿದವರಿಗೆ ಸ್ಕ್ರಬ್ ಟೈಫಸ್. ಕೊಳೆ ಬೆರೆತ ನೀರನ್ನು ಕುಡಿದವರಿಗೆ ಟೈಫಾಯ್ಡ್. ಇವೆಲ್ಲವೂ ಆರಂಭದಲ್ಲಿ ಒಂದೇ ವೇಷವನ್ನು ಧರಿಸುತ್ತವೆ: ಜ್ವರ, ತಲೆನೋವು, ಮೈಕೈ ನೋವು, ವಾಂತಿ. ಡೆಂಗಿಯ ಮುದ್ರೆಯೆಂದು ಜನ ನಂಬಿರುವ ಪ್ಲೇಟ್‌ಲೆಟ್ಟುಗಳ ಕುಸಿತವೂ ಡೆಂಗಿಯೊಂದರ ಸೊತ್ತಲ್ಲ. ಮಲೇರಿಯದಲ್ಲಿಯೂ ಇಲಿಜ್ವರದಲ್ಲಿಯೂ ಸ್ಕ್ರಬ್ ಟೈಫಸ್‌ನಲ್ಲಿಯೂ ಅವು ಕುಸಿಯುತ್ತವೆ.

ವಾಚಕರು ಮುಖ್ಯವಾಗಿ ಗಮನಿಸಬೇಕಾದ ಮಾತು ಇಲ್ಲಿದೆ. ಡೆಂಗಿಯ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧಿಯಿಲ್ಲ. ವಿಶ್ರಾಂತಿ, ದ್ರವಾಹಾರ, ಎಚ್ಚರದ ಕಾವಲು — ಇವೇ ಅದಕ್ಕೆ ಚಿಕಿತ್ಸೆ. ಉಳಿದುದನ್ನು ದೇಹವೇ ಮಾಡಿಕೊಳ್ಳುತ್ತದೆ. ಆದರೆ ಅದರ ಮರೆಯಲ್ಲಿ ಬರುವ ಮಲೇರಿಯಕ್ಕೆ ಔಷಧಿಯುಂಟು; ಇಲಿಜ್ವರಕ್ಕೂ ಸ್ಕ್ರಬ್ ಟೈಫಸ್‌ಗೂ ಡಾಕ್ಸಿಸೈಕ್ಲೀನ್‌ನಂತಹ ಬಹುಕಾಲದಿಂದ ಬಳಕೆಯಲ್ಲಿರುವ ಔಷಧಿಗಳೇ ಸಾಕು. ಅವುಗಳನ್ನು ಸಕಾಲದಲ್ಲಿ ಕೊಟ್ಟರೆ ರೋಗಿಯು ಎದ್ದು ಕೂರುತ್ತಾನೆ. ತಡವಾದರೆ ಮೂತ್ರಪಿಂಡ, ಶ್ವಾಸಕೋಶ, ಮಿದುಳುಗಳಿಗೆ ಅಪಾಯ ತಟ್ಟುತ್ತದೆ. ಔಷಧಿಯಿಲ್ಲದ ರೋಗದ ಹೆಸರು ಸಿಕ್ಕಿತೆಂದು ಸುಮ್ಮನಾಗಿ, ಔಷಧಿಯುಳ್ಳ ರೋಗವನ್ನು ಹುಡುಕದೆ ಬಿಡುವುದಕ್ಕಿಂತ ದುಃಖಕರವಾದುದು ಬೇರೊಂದಿದೆಯೇ? “ಡೆಂಗಿ ಎಂದು ಗೊತ್ತಾಯಿತಲ್ಲ ಡಾಕ್ಟರೇ, ಮತ್ತೇಕೆ ರಕ್ತ ತೆಗೆಯುವುದು?” ಎಂದು ಬೇಸರಿಸುವವರು ಇದನ್ನು ಒಮ್ಮೆ ಆಲೋಚಿಸಬೇಕು.

ಎರಡು ರೋಗಗಳು ಕೂಡಿದಾಗ ವೈದ್ಯರ ಕೆಲಸ ಹಗ್ಗದ ಮೇಲಿನ ನಡಿಗೆಯಾಗುತ್ತದೆ. ಡೆಂಗಿಯಲ್ಲಿ ರಕ್ತದ ದ್ರವಾಂಶವು ನಾಳಗಳಿಂದ ಸೋರಿಹೋಗುವುದರಿಂದ ಶರೀರಕ್ಕೆ ದ್ರವವನ್ನು ಅಳೆದು ತುಂಬಬೇಕು. ತೀವ್ರ ಮಲೇರಿಯದಲ್ಲಿ ದ್ರವವು ತುಸು ಮಿತಿ ಮೀರಿದರೂ ಶ್ವಾಸಕೋಶದಲ್ಲಿ ನೀರು ನಿಲ್ಲುವ ಭಯ. ಚಿಕುನ್‌ಗುನ್ಯಾದ ಕೀಲುನೋವು ತಾಳಲಾರದೆ ರೋಗಿಯು ನೋವಿನ ಗುಳಿಗೆಗಾಗಿ ಹಂಬಲಿಸುತ್ತಾನೆ. ಆದರೆ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದವು ಡೆಂಗಿಯಿದ್ದಲ್ಲಿ ರಕ್ತಸ್ರಾವಕ್ಕೆ ದಾರಿ ಮಾಡಿಕೊಡಬಹುದು. ಆದುದರಿಂದ ಡೆಂಗಿಯಿಲ್ಲವೆಂದು ಖಚಿತವಾಗುವವರೆಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಒಂದನ್ನೇ ನೆಚ್ಚಬೇಕು. ಔಷಧಿ ಅಂಗಡಿಯವನನ್ನು ಕೇಳಿ ತಂದ ಗುಳಿಗೆಗೆ ಇಲ್ಲಿ ಎಡೆಯಿಲ್ಲ.

ಹಾಗೆಂದು ಪ್ರತಿಯೊಂದು ಜ್ವರದಲ್ಲಿಯೂ ಎರಡು ರೋಗಗಳನ್ನು ಕಲ್ಪಿಸಿಕೊಂಡು ಗಾಬರಿಯಾಗಬೇಕಿಲ್ಲ. ಬಹುಪಾಲು ಜ್ವರಿಗಳಲ್ಲಿ ಇರುವುದು ಒಂದೇ ರೋಗ. ಪರೀಕ್ಷೆಗಳೂ ಕೆಲವೊಮ್ಮೆ ದಾರಿ ತಪ್ಪಿಸುತ್ತವೆ. ಹಿಂದೆ ಬಂದು ಹೋದ ಸೋಂಕಿನ ಗುರುತು ರಕ್ತದಲ್ಲಿ ತಿಂಗಳುಗಟ್ಟಲೆ ಉಳಿದು, ಈಗಿನ ಪರೀಕ್ಷೆಯಲ್ಲಿ ಇಲ್ಲದ ಎರಡನೆಯ ರೋಗವನ್ನು ತೋರಿಸಬಹುದು. ಕಾಗದದ ಮೇಲೆ ಎರಡು ಹೆಸರು ಬಂದ ಮಾತ್ರಕ್ಕೆ ಮೈಯಲ್ಲಿ ಎರಡು ರೋಗವಿದೆಯೆಂದು ಅರ್ಥವಲ್ಲ. ಒಂದೇ ಹೆಸರು ಬಂದ ಮಾತ್ರಕ್ಕೆ ಎರಡನೆಯದು ಇಲ್ಲವೆಂದೂ ಅಲ್ಲ. ರೋಗಿಯನ್ನು ಕಣ್ಣಾರೆ ನೋಡಿ, ಪ್ರಶ್ನೆ ಕೇಳಿ ತೂಗಿ ನೋಡುವ ವೈದ್ಯರೇ ಇದಕ್ಕೆ ತೀರ್ಪುಗಾರರು.

ಆ ತೀರ್ಪಿಗೆ ಬೇಕಾದ ಸಾಕ್ಷ್ಯವನ್ನು ಒದಗಿಸುವುದು ಮಾತ್ರ ಹಾಸಿಗೆಯ ಬಳಿ ಕುಳಿತ ತಾಯಿ, ಹೆಂಡತಿ, ಮಕ್ಕಳ ಕೈಯಲ್ಲಿದೆ. ಡೆಂಗಿಯ ಜ್ವರವು ಸಾಮಾನ್ಯವಾಗಿ ಎರಡರಿಂದ ಏಳು ದಿನಗಳಲ್ಲಿ ಇಳಿಯುತ್ತದೆ. ವಾರ ಕಳೆದರೂ ಇಳಿಯದಿದ್ದರೆ, ಇಳಿದ ಜ್ವರ ಚಳಿ ನಡುಕಗಳೊಡನೆ ಮರಳಿದರೆ, ಕಣ್ಣು ಹಳದಿಯಾದರೆ, ಕೆಮ್ಮು ಏದುಸಿರುಗಳು ಕಾಣಿಸಿದರೆ, ಕಂಕುಳು ತೊಡೆಸಂದುಗಳಲ್ಲಿ ಸಿಗರೇಟಿನಿಂದ ಸುಟ್ಟಂತಹ ಕಪ್ಪು ಹಕ್ಕಳೆ ಇದ್ದರೆ, “ಇದರೊಡನೆ ಬೇರೇನಾದರೂ ಇರಬಹುದೇ?” ಎಂದು ವೈದ್ಯರನ್ನು ಕೇಳಲು ಸಂಕೋಚಪಡಬಾರದು. ಇತ್ತೀಚೆಗೆ ಗದ್ದೆ ಕಾಡುಗಳಿಗೆ ಹೋಗಿದ್ದರೆ, ಬೇರೆ ಊರಿನಿಂದ ಬಂದಿದ್ದರೆ, ಕೊಚ್ಚೆನೀರಿನಲ್ಲಿ ನಡೆದಿದ್ದರೆ ಅದನ್ನೂ ತಿಳಿಸಬೇಕು. ಜ್ವರ ಇಳಿದೊಡನೆ ಗೆದ್ದೆವೆಂದು ಹಿಗ್ಗುವುದೂ ತರವಲ್ಲ. ಡೆಂಗಿಯ ನಿಜವಾದ ಗಂಡಾಂತರವು ಜ್ವರ ಇಳಿದ ಮುಂದಿನ ಒಂದೆರಡು ದಿನಗಳಲ್ಲಿರುತ್ತದೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು, ಮೂತ್ರದ ಇಳಿಕೆ — ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಲ್ಲಕ್ಕಿಂತ ಮೇಲಾದುದು ಬಾರದಂತೆ ತಡೆಯುವುದು. ೧೮೮೩ರಲ್ಲಿ ಬೆಂಗಳೂರಿನ ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯರಿದ್ದರು. ತಮ್ಮ ವಸತಿಯ ಬಳಿಯ ತೊಟ್ಟಿಯೊಂದರಲ್ಲಿ ಸೊಳ್ಳೆಯ ಮರಿಗಳು ಹೊರಳಾಡುತ್ತಿದ್ದುದನ್ನು ಕಂಡು, ಅದರ ನೀರನ್ನು ಚೆಲ್ಲಿದರೆ ಸೊಳ್ಳೆಗಳ ಕಾಟ ತಗ್ಗುವುದೆಂದು ಅವರು ಅರಿತರು. ಇದೇ ರಾಸ್ ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಾಣುವನ್ನು ಕಂಡು, ೧೯೦೨ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡವನ್ನು ವಿಧಿಸಿದುದರ ಹಿಂದೆ ಇರುವುದೂ ಆ ತೊಟ್ಟಿಯ ಪಾಠವೇ.

ಮೊಟ್ಟೆಯು ಹಾರುವ ಸೊಳ್ಳೆಯಾಗಲು ಒಂದು ವಾರ ಅಥವಾ ತುಸು ಹೆಚ್ಚು ಕಾಲ ಸಾಕು. ಆದುದರಿಂದ ವಾರಕ್ಕೊಂದು ದಿನ ಹಂಡೆ, ಡ್ರಮ್ಮು, ಹೂಕುಂಡದ ತಟ್ಟೆ, ರೆಫ್ರಿಜರೇಟರಿನ ಹಿಂದಣ ತಟ್ಟೆಗಳನ್ನು ಬರಿದುಮಾಡಿ ತಿಕ್ಕಿ ತೊಳೆಯಬೇಕು. ತಿಕ್ಕಲೇಬೇಕು, ಏಕೆಂದರೆ ಈಡಿಸಿನ ಮೊಟ್ಟೆಗಳು ಒಣಗಿದ ಗೋಡೆಗಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತವೆ. ಮಹಡಿಯ ಟ್ಯಾಂಕಿಗೆ ಬಿಗಿಯಾದ ಮುಚ್ಚಳ, ರಾತ್ರಿ ಮಲಗುವಾಗ ಸೊಳ್ಳೆಪರದೆ, ಹಗಲಿನಲ್ಲಿ ಮಕ್ಕಳಿಗೆ ಮೈ ಮುಚ್ಚುವ ಉಡುಪು. ಅಂಗಳದ ಎಳನೀರು ಬುರುಡೆ, ಹಳೆಯ ಟೈರುಗಳಿಗೆ ವಿದಾಯ. ಹಿತ್ತಿಲಿನ ಕಸವನ್ನು ತೆಗೆದರೆ ಇಲಿಗೂ ಅಲ್ಲಿ ಆಶ್ರಯವಿರದು. ಭಾನುವಾರದ ಒಂದು ಗಂಟೆಯ ಈ ದುಡಿಮೆಯಲ್ಲಿ ಒಂದಲ್ಲ, ಹಲವು ಜ್ವರಗಳಿಗೆ ಒಮ್ಮೆಗೇ ಬಾಗಿಲು ಮುಚ್ಚಿದಂತಾಗುವುದು.