ಹಳದಿ ಕೊಡೆ, ನೀಲಿ ಕಹಳೆ: ಒಂದು ವಿನೋದ ಧಾರಾವಾಹಿಯಲ್ಲಿ ವರ್ಣಸಂಕೇತ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಒಂದೊಂದು ರಸಕ್ಕೂ ಒಂದೊಂದು ಬಣ್ಣವನ್ನು ಹೇಳಿರುವನು. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ, ಬೀಭತ್ಸಕ್ಕೆ ನೀಲಿ. ಇದು ಶಾಸ್ತ್ರವು ಮೊದಲೇ ಗೊತ್ತುಮಾಡಿದ ಸಂಕೇತ. ಇದಲ್ಲದೆ ಇನ್ನೊಂದು ಬಗೆಯ ವರ್ಣಸಂಕೇತವುಂಟು. ಅಲ್ಲಿ ಬಣ್ಣಕ್ಕೆ ಮೊದಲೇ ಅರ್ಥವಿರುವುದಿಲ್ಲ; ಕಥೆ ನಡೆದಂತೆಲ್ಲ ಅರ್ಥವು ಅದರಲ್ಲಿ ತುಂಬುತ್ತ ಬರುತ್ತದೆ. ‘ಹೌ ಐ ಮೆಟ್ ಯುವರ್ ಮದರ್’ ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯು ಇದಕ್ಕೆ ಒಳ್ಳೆಯ ನಿದರ್ಶನ.

ಕಾರ್ಟರ್ ಬೇಸ್ ಮತ್ತು ಕ್ರೇಗ್ ಥಾಮಸ್ ಎಂಬವರು ರಚಿಸಿದ ಈ ವಿನೋದ ಧಾರಾವಾಹಿಯು 2005ರಿಂದ 2014ರವರೆಗೆ ಒಂಬತ್ತು ಸರಣಿಗಳಲ್ಲಿ 208 ಕಂತುಗಳಾಗಿ ಪ್ರಸಾರವಾಯಿತು. ಟೆಡ್ ಮೋಸ್ಬಿ ಎಂಬ ನ್ಯೂಯಾರ್ಕಿನ ವಾಸ್ತುಶಿಲ್ಪಿಯು 2030ರಲ್ಲಿ ಕುಳಿತು, ತಾನು ಅವರ ತಾಯಿಯನ್ನು ಕಂಡ ಬಗೆಯನ್ನು ತನ್ನ ಮಗಳಿಗೂ ಮಗನಿಗೂ ಹೇಳುವುದೇ ಇದರ ಚೌಕಟ್ಟು. ಆ ತಾಯಿಯ ಮುಖವನ್ನು ಪ್ರೇಕ್ಷಕರು ಮೊದಲು ಕಂಡುದು 2013ರಲ್ಲಿ, ಎಂಟನೆಯ ಸರಣಿಯ ಕೊನೆಯಲ್ಲಿ. ಅಲ್ಲಿಯವರೆಗೆ ಅವಳಿಗೆ ಬದಲಾಗಿ ನಿಂತುದು ಒಂದು ಹಳದಿ ಕೊಡೆ.

ಮೊದಲ ಕಂತಿನಲ್ಲೇ ಬರುವ ಬಣ್ಣ ನೀಲಿ. ಟೆಡ್ಡನು ರಾಬಿನ್ ಎಂಬ ವಾರ್ತಾವರದಿಗಾರ್ತಿಯೊಡನೆ ಊಟಕ್ಕೆ ಹೋದಾಗ, ಅಲ್ಲಿಯ ಗೋಡೆಯ ಮೇಲಿದ್ದ ನೀಲಿ ಬಣ್ಣದ ಫ್ರೆಂಚ್ ಹಾರ್ನ್ ಎಂಬ ಸುರುಳಿ ಕಹಳೆಯನ್ನು ಅವಳು ಮೆಚ್ಚುತ್ತಾಳೆ. ಅವನು ಅದನ್ನು ಕದ್ದು ತಂದು ರಾತ್ರಿ ಅವಳ ಕಿಟಕಿಯ ಕೆಳಗೆ ನಿಲ್ಲುತ್ತಾನೆ. ಮುಂದೆ ಅವರಲ್ಲಿ ಪ್ರೇಮವುಂಟಾಗಿ, ಮದುವೆ ಮಕ್ಕಳ ವಿಷಯದಲ್ಲಿ ಮನಸ್ಸು ಹೊಂದದೆ, 2007ರಲ್ಲಿ ಅಗಲಿಕೆಯಾಗುತ್ತದೆ. ಹೀಗೆ ನೀಲಿಯು ಕೈಗೆಟುಕಿಯೂ ನಿಲ್ಲದ ಹಂಬಲದ ಬಣ್ಣವಾಯಿತು. ಇಂಗ್ಲಿಷ್ ಮಾತಿನಲ್ಲಿ ನೀಲಿಗೆ ಖಿನ್ನತೆಯ ಅರ್ಥವಿರುವುದೂ ಇದಕ್ಕೆ ನೆರವಾಗುತ್ತದೆ.

ಹಳದಿಯ ದಾರಿ ಬೇರೆ. 2008ರ ಒಂದು ಕಂತಿನಲ್ಲಿ ಟೆಡ್ಡನು ಯಾರೋ ಬಿಟ್ಟುಹೋದ ಹಳದಿ ಕೊಡೆಯನ್ನು ಮಳೆಗಾಗಿ ಎತ್ತಿಕೊಳ್ಳುತ್ತಾನೆ. 2010ರಲ್ಲಿ ಪರಿಚಿತಳೊಬ್ಬಳ ಮನೆಯಲ್ಲಿ ಅದನ್ನು ಮರೆತು ಬರುತ್ತಾನೆ. ಅವಳ ಜೊತೆಯಲ್ಲಿ ವಾಸಿಸುವವಳೇ ಕೊಡೆಯ ಒಡತಿ! ಕಡೆಗೆ ಮಳೆಯಲ್ಲಿ, ಫಾರ್‌ಹ್ಯಾಂಪ್ಟನ್ ಎಂಬ ಕಲ್ಪಿತ ಊರಿನ ರೈಲುನಿಲ್ದಾಣದಲ್ಲಿ, ಅವಳೂ ಅವನೂ ಒಂದೇ ಕೊಡೆಯಡಿ ನಿಂತು ಮಾತನಾಡುತ್ತಾರೆ. ಕೊಡೆಯ ಮೇಲಿನ ಮೊದಲಕ್ಷರಗಳು ಇಬ್ಬರ ಹೆಸರಿಗೂ ಹೊಂದುತ್ತವೆ: ಅವನು ಟೆಡ್ ಮೋಸ್ಬಿ, ಅವಳು ಟ್ರೇಸಿ ಮೆಕಾನೆಲ್.

ಈ ಎರಡು ವಸ್ತುಗಳ ಭೇದವನ್ನು ಗಮನಿಸಬೇಕು. ಕಹಳೆಯು ಬಯಸಿ ಕದ್ದು ತಂದದ್ದು. ಕೊಡೆಯು ತಾನಾಗಿ ದೊರೆತು, ಮತ್ತೆ ಒಡತಿಯನ್ನು ಸೇರಿದ್ದು. ಒಂದು ಗೋಡೆಯ ಅಲಂಕಾರ. ಇನ್ನೊಂದು ಇಬ್ಬರಿಗೆ ನೆರಳಾಗುವ ನಿತ್ಯೋಪಯೋಗಿ. ಪ್ರೇಮದ ಎರಡು ಬಗೆಗಳನ್ನು, ಅಂದರೆ ಬೆನ್ನಟ್ಟುವುದನ್ನೂ ಒದಗಿಬರುವುದನ್ನೂ, ಬಣ್ಣಗಳು ಹೀಗೆ ಮೂರ್ತಗೊಳಿಸಿದವು.

ಆದರೆ ಮುಕ್ತಾಯದಲ್ಲಿ ತೊಡಕು ಉಂಟಾಯಿತು. ಕಥೆಯ ಪ್ರಕಾರ ಟ್ರೇಸಿಯು 2024ರಲ್ಲಿ ತೀರಿಕೊಂಡಿರುತ್ತಾಳೆ. ಮಕ್ಕಳ ಪ್ರೋತ್ಸಾಹದಿಂದ ಟೆಡ್ಡನು ಪುನಃ ನೀಲಿ ಕಹಳೆಯನ್ನು ಹಿಡಿದು ರಾಬಿನ್ನಳ ಕಿಟಕಿಯ ಕೆಳಗೆ ನಿಲ್ಲುತ್ತಾನೆ. ಈ ಮುಕ್ತಾಯಕ್ಕೆ ಬೇಕಾದ ಮಕ್ಕಳ ದೃಶ್ಯವನ್ನು ಎರಡನೆಯ ಸರಣಿಯ ಕಾಲದಲ್ಲೇ ಚಿತ್ರೀಕರಿಸಿ ಇರಿಸಲಾಗಿತ್ತು. ರಚಕರ ಮನಸ್ಸಿನಲ್ಲಿ ಕೊನೆಯ ಬಣ್ಣ ಮೊದಲೇ ನಿಶ್ಚಿತವಾಗಿತ್ತು. ಪ್ರೇಕ್ಷಕರ ಮನಸ್ಸಿನಲ್ಲಾದರೋ ಅಷ್ಟರೊಳಗೆ ಹಳದಿಯು ವರ್ಷವರ್ಷವೂ ಬೇರೂರಿತ್ತು. ಆದುದರಿಂದ 2014ರ ಮಾರ್ಚ್ 31ರ ಕೊನೆಯ ಕಂತು ಬಹಳ ಮಂದಿಯ ಅಸಮಾಧಾನಕ್ಕೆ ಗುರಿಯಾಯಿತು. ಅದೇ ವರ್ಷ ಹೊರಬಂದ ಡಿವಿಡಿಯಲ್ಲಿ ಟ್ರೇಸಿಯ ಮರಣವಿಲ್ಲದೆ, ನಿಲ್ದಾಣದ ಭೇಟಿಯೊಡನೆ ಮುಗಿಯುವ ಬೇರೊಂದು ಮುಕ್ತಾಯವನ್ನು ಕೊಡಬೇಕಾಯಿತು. ಒಂದೇ ಕಥೆಗೆ ನೀಲಿಯದೊಂದು, ಹಳದಿಯದೊಂದು, ಎರಡು ಅಂತ್ಯಗಳಾದುವು.

ತರಗತಿಯಲ್ಲಿ ನಾವು ಪದ್ಯದ ಸಂಕೇತವನ್ನು ವಿವರಿಸುವಾಗ ‘ಈ ಬಣ್ಣಕ್ಕೆ ಈ ಅರ್ಥ’ ಎಂದು ಪಟ್ಟಿ ಒಪ್ಪಿಸುವ ಅಭ್ಯಾಸವುಂಟು. ಭರತನಲ್ಲಿ ಬೀಭತ್ಸವಾದ ನೀಲಿಯು ಇಲ್ಲಿ ಹಂಬಲವಾಗಿದೆ. ಪಟ್ಟಿಯನ್ನು ಬದಿಗಿಟ್ಟು, ಆ ಬಣ್ಣ ಆ ಕೃತಿಯಲ್ಲಿ ಎಲ್ಲೆಲ್ಲಿ, ಯಾರ ಕೈಯಲ್ಲಿ, ಎಷ್ಟು ಸಲ ಬಂದಿದೆಯೆಂದು ಮಕ್ಕಳಿಂದಲೇ ಹುಡುಕಿಸುವುದು ಮೇಲು. ಹಾಗೆ ಹುಡುಕಿದವರಿಗೆ, ಒಮ್ಮೆ ಓದುಗನ ಮನಸ್ಸನ್ನು ಸೇರಿದ ಸಂಕೇತವು ಕೇವಲ ಕೃತಿಕಾರನ ಸೊತ್ತಾಗಿ ಉಳಿಯದೆಂಬುದು ತಾನಾಗಿ ತಿಳಿಯುವುದು.