ಮುಂಡರಗಿ ಭೀಮರಾಯ

ಗದಗ ಜಿಲ್ಲೆಯ ಮುಂಡರಗಿಯ ಹೆಸರು ನಾಡಿನ ಇತಿಹಾಸದಲ್ಲಿ ಒಬ್ಬ ವೀರನ ಹೆಸರಿನೊಡನೆ ಬೆಸೆದುಕೊಂಡಿದೆ. ಆತನೇ 1858ರ ಬಂಡಾಯದ ನಾಯಕನಾದ ಭೀಮರಾಯ.

ಭೀಮರಾಯನು ವೃತ್ತಿಯಿಂದ ಸೈನಿಕನಲ್ಲ. ನಾಡಗೌಡಿಕೆಯ ಮನೆತನದ ಆತ ಬಳ್ಳಾರಿ ಸೀಮೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಂದಾಯಾಧಿಕಾರಿಯಾಗಿದ್ದನು. ಆ ಅಧಿಕಾರವನ್ನು ಕಳೆದುಕೊಂಡು ಊರಿಗೆ ಮರಳಿದಾಗ, ಕಂಪನಿಯ ಆಡಳಿತ ನಡೆಯುವ ಬಗೆಯನ್ನು ಅದರ ಒಳಗಿನಿಂದಲೇ ಅರಿತವನಾಗಿದ್ದನು. ಖಜಾನೆಯೇ ಆ ಆಡಳಿತದ ಜೀವಾಳವೆಂಬುದು ಆತನಿಗೆ ತಿಳಿದಿತ್ತು.

ಆಗ ಈ ಭಾಗದಲ್ಲಿ ಅಸಮಾಧಾನ ಕುದಿಯುತ್ತಿತ್ತು. ಇನಾಂ ಭೂಮಿಗಳ ವಿಚಾರಣೆಯಿಂದ ಹಲವು ಮನೆತನಗಳು ಕಂಗೆಟ್ಟಿದ್ದವು. ನರಗುಂದದ ಬಾಬಾಸಾಹೇಬನಿಗೆ ದತ್ತು ಸ್ವೀಕಾರದ ಅನುಮತಿ ದೊರೆತಿರಲಿಲ್ಲ. 1857ರ ನಿಃಶಸ್ತ್ರೀಕರಣ ಕಾಯಿದೆಯಂತೆ ಜನರು ತಮ್ಮ ಆಯುಧಗಳನ್ನು ಒಪ್ಪಿಸಬೇಕಾಗಿತ್ತು. ನೊಂದ ಸಂಸ್ಥಾನಿಕರೂ ದೇಸಾಯಿಗಳೂ ಗುಟ್ಟಾಗಿ ಒಂದುಗೂಡತೊಡಗಿದರು. ಅವರಲ್ಲಿ ಹಮ್ಮಿಗೆಯ ಕೆಂಚನಗೌಡನು ಭೀಮರಾಯನ ಬಲಗೈಯಾಗಿದ್ದನು.

ಹಮ್ಮಿಗೆಯಲ್ಲಿ ಕೂಡಿಟ್ಟಿದ್ದ ಆಯುಧಗಳ ಸುಳಿವು ಸರಕಾರಕ್ಕೆ ಹತ್ತಿತು. ಇನ್ನು ಕಾಯುವಂತಿರಲಿಲ್ಲ. ತಡೆದರೆ ಕೈಯಲ್ಲಿದ್ದ ಆಯುಧಗಳೂ ಹೋಗುತ್ತಿದ್ದವು. ಏಳುವುದಾದರೆ ಮಿತ್ರರು ಸಿದ್ಧರಾಗುವ ಮೊದಲೇ ಏಳಬೇಕಾಗಿತ್ತು. ಭೀಮರಾಯನು ಎರಡನೆಯ ದಾರಿಯನ್ನು ಹಿಡಿದನು. 1858ರ ಮೇ 24ರಂದು ಆತನ ಪಡೆ ಡಂಬಳದ ಖಜಾನೆಯ ಮೇಲೆ ಎರಗಿತು. ಅಲ್ಲಿಂದ ಆತನು ಹೈದರಾಬಾದಿನ ನಿಜಾಮನ ಸೀಮೆಗೆ ಸೇರಿದ ಕೊಪ್ಪಳದ ಕೋಟೆಯನ್ನು ಹೊಕ್ಕನು. ಬೆಟ್ಟದ ಮೇಲಿನ ಆ ಕೋಟೆ ಸಾಮಾನ್ಯವಾದುದಲ್ಲ. ಟಿಪ್ಪು ಸುಲ್ತಾನನು ಫ್ರೆಂಚ್ ಎಂಜಿನಿಯರುಗಳಿಂದ ಅದನ್ನು ಭದ್ರಪಡಿಸಿದ್ದನು. 1790ರಲ್ಲಿ ಅದು ಆರು ತಿಂಗಳ ಮುತ್ತಿಗೆಯನ್ನು ತಾಳಿಕೊಂಡಿತ್ತು.

ಆದರೆ ಕೋಟೆಯನ್ನು ಕಾಯುವುದು ಕಲ್ಲಲ್ಲ, ಸೈನ್ಯ. ಮೇಜರ್ ಹ್ಯೂಸನ ನಾಯಕತ್ವದಲ್ಲಿ ಕಂಪನಿಯ ಪಡೆ ಬಂದೆರಗಿದಾಗ ಭೀಮರಾಯನ ಬಳಿ ಅದನ್ನು ತಡೆಯುವಷ್ಟು ಬಲವಿರಲಿಲ್ಲ. ಜೂನ್ 1ರಂದು ಕೋಟೆ ಬಿದ್ದಿತು. ಭೀಮರಾಯನೂ ಕೆಂಚನಗೌಡನೂ ಹೋರಾಡುತ್ತಲೇ ಮಡಿದರು. ಸೆರೆಸಿಕ್ಕವರಲ್ಲಿ ಅನೇಕರು ಗಲ್ಲಿಗೇರಿದರು.

ಈ ಸೋಲಿನ ಕಾರಣವನ್ನು ದಿನಾಂಕಗಳೇ ಹೇಳುತ್ತವೆ. ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ಎದ್ದರು. 1858ರ ಫೆಬ್ರವರಿಯಲ್ಲಿ ಸುರಪುರ ಬಿದ್ದಿತು. ಮೇ ತಿಂಗಳ ಕೊನೆಯಲ್ಲಿ ಮುಂಡರಗಿಯ ಹಿಂದೆಯೇ ನರಗುಂದ ಸಿಡಿದೆದ್ದಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಒಟ್ಟಾಗಿ ಹೊತ್ತಿದ್ದರೆ ಕಾಳ್ಗಿಚ್ಚಾಗಬಹುದಾಗಿದ್ದ ಬೆಂಕಿಯನ್ನು ಕಂಪನಿಯ ಸೇನೆ ಒಂದೊಂದೇ ಒಲೆಯಾಗಿ ಆರಿಸಿತು.

ಭೀಮರಾಯನ ಸೇನಾಧಿಪತ್ಯ ಬಾಳಿದ್ದು ಎಂಟೇ ದಿನ. ತಾನು ದುಡಿದ ಸರಕಾರದ ಬಲವೆಷ್ಟೆಂಬುದನ್ನು ಚೆನ್ನಾಗಿ ಬಲ್ಲವನಾಗಿದ್ದೂ ಆತನು ಅದಕ್ಕೆ ಎದುರು ನಿಂತನು. ಆತನ ಧೈರ್ಯದ ಹಿರಿಮೆ ಇರುವುದು ಅಲ್ಲಿಯೇ.